ನಡುಗೋಡೆಯ ಮಾಡ

ಕೊಪ್ಪಳದ ಗುಡ್ಡದ ಬುಡದ ಓಣಿಯಲ್ಲಿ ಯಾರ ಮನೆಯ ಗೋಡೆ ಬಿರುಕು ಬಿಟ್ಟರೂ ಮೊದಲು ಕರೆ ಹೋಗುತ್ತಿದ್ದುದು ಜೋಳದ ವ್ಯಾಪಾರಿ ಈಶಪ್ಪನಿಗೆ, ಆಮೇಲೆ ಗೋಡೆ ಕಟ್ಟುವ ಗೌಂಡಿಗೆ. ಅಲ್ಲಿಯ ಮನೆಗಳು ಒಂದಕ್ಕೊಂದು ಮೈ ಹಚ್ಚಿ ಕೂತವು. ಎರಡು ಮನೆಗೆ ಒಂದೇ ನಡುಗೋಡೆ. ಅದು ಕುಸಿಯಲು ಬಂದಾಗ ಮರಮ್ಮತ್ತು ನೀನು ಮಾಡಿಸು, ನೀನು ಮಾಡಿಸು ಎಂದು ಎರಡೂ ಮನೆಯವರು ಮಳೆ ತಲೆಯ ಮೇಲೆ ಬರುವ ತನಕ ಕಿತ್ತಾಡುವರು. ಆಗ ಈಶಪ್ಪ ರುಮಾಲು ಸುತ್ತಿಕೊಂಡು ಬರುವನು. ಎರಡೂ ಮನೆಯೊಳಗೆ ಹೋಗಿ ಒಂದೇ ಸಂಗತಿ ನೋಡುವನು: ಗೋಡೆಯಲ್ಲಿ ದೀಪ ಇಡುವ ಗೂಡು, ಅಂದರೆ ಮಾಡ, ಯಾರ ಕಡೆಗಿದೆ? ಮಾಡ ಇದ್ದವರದು ಗೋಡೆ, ಗೋಡೆ ಇದ್ದವರದು ಮರಮ್ಮತ್ತು. ಎರಡೂ ಕಡೆ ಮಾಡ ಇದ್ದರೆ ಗೋಡೆ ಇಬ್ಬರದು, ಖರ್ಚು ಅರ್ಧರ್ಧ. ಅಂಥ ಗೋಡೆಯ ಮೇಲೆ ಒಬ್ಬರನ್ನು ಕೇಳದೆ ಇನ್ನೊಬ್ಬರು ಒಂದು ಕಲ್ಲನ್ನೂ ಏರಿಸುವಂತಿಲ್ಲ.

ಈ ಕಟ್ಟಳೆ ಈಶಪ್ಪನ ತಲೆಯಿಂದ ಹುಟ್ಟಿದ್ದೇನೂ ಅಲ್ಲ, ಮುತ್ತಜ್ಜಂದಿರ ಕಾಲದ್ದು. ಆದರೆ ಅವನ ಬಾಯಿಂದ ಬಂದಾಗ ಅದಕ್ಕೊಂದು ಗತ್ತು ಬರುತ್ತಿತ್ತು. ಅವನು ಗಂಟಲು ಸರಿ ಮಾಡಿಕೊಂಡು "ಫೈಸಲಾ ಆತು" ಎಂದರೆ ಮುಗಿಯಿತು, ಯಾರೂ ತಹಶೀಲಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಜೋಳದ ಅಂಗಡಿ ಅವನ ಹೊಟ್ಟೆ ಹೊರೆಯುತ್ತಿತ್ತು, ಅಷ್ಟೇ. ಅವನು ಬದುಕಿದ್ದು ಈ ಎರಡು ಮಾತಿನ ಮೇಲೆ.

ಹೀಗಿರುವಾಗ ಯಲಬುರ್ಗಿಯಿಂದ ದೊಡ್ಡಬಸಪ್ಪ ಬಂದ. ಅರಳೆ ವ್ಯಾಪಾರದವನು, ಈಶಪ್ಪನಿಗಿಂತ ಹದಿನೈದು ವರ್ಷಕ್ಕೆ ಚಿಕ್ಕವನು. ಈಶಪ್ಪನಿದ್ದ ಮನೆ ಮೊದಲು ಒಂದೇ ದೊಡ್ಡ ಮನೆಯಾಗಿದ್ದು, ಹಿಂದಿನವರು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿ ಮಾರಿದ್ದರು. ಖಾಲಿ ಬಿದ್ದಿದ್ದ ಆ ಬದಿಯ ಅರ್ಧವನ್ನು ದೊಡ್ಡಬಸಪ್ಪ ಕೊಂಡುಕೊಂಡ. ಬರುವಾಗಲೇ ಸೈಕಲ್ಲಿನ ಮೇಲೆ ಬಂದ, ಪುಣ್ಯಾತ್ಮ. ಈಶಪ್ಪನಿಗೆ ಆ ಸೈಕಲ್ಲಿನ ಗಂಟೆ ಕೇಳಿದ ದಿನವೇ ಊಟ ರುಚಿಸಲಿಲ್ಲ.

ಸೈಕಲ್ಲು ಹಾಳಾಗಿ ಹೋಗಲಿ, ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದೇ ಇದ್ದದ್ದು ಬೇರೆ. ಓಣಿಯ ಕೊನೆಯ ಮನೆಯ ಮಾರೆಪ್ಪನಿಗೂ ಅವನ ಪಕ್ಕದ ಮನೆಯವರಿಗೂ ಮಾಳಿಗೆಯ ಮಳೆನೀರು ಯಾರ ಕಡೆ ಹರಿಯುತ್ತದೆ ಎಂಬ ತಕರಾರು ಬಂತು. ಈಶಪ್ಪ ರುಮಾಲು ತೆಗೆದು ಝಾಡಿಸಿ ತೊಡೆಯ ಮೇಲಿಟ್ಟುಕೊಂಡು ಕಾದ. ಯಾರೂ ಬರಲಿಲ್ಲ. ಸಂಜೆಗೆ ಸುದ್ದಿ ಬಂತು: ದೊಡ್ಡಬಸಪ್ಪ ಆ ದಾರಿಯಲ್ಲಿ ಸೈಕಲ್ಲು ಹೊಡೆದುಕೊಂಡು ಹೋಗುತ್ತಿದ್ದನಂತೆ, ಜಗಳ ಕೇಳಿ ಇಳಿದನಂತೆ, ಇಬ್ಬರನ್ನೂ ಮಾಳಿಗೆ ಹತ್ತಿಸಿ ಒಂದು ಕೊಡ ನೀರು ಸುರಿದು ಎಲ್ಲಿ ಹರೀತದ ನೋಡ್ರಪಾ ಎಂದನಂತೆ. ನೀರು ಇಬ್ಬರ ಕಡೆಗೂ ಹರಿಯದೆ ಮೂರನೆಯವನ ಅಂಗಳಕ್ಕೆ ಹರಿಯಿತಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ಮಣ್ಣು ಹಾಕಿ ಸರಿ ಮಾಡಿಕೊಂಡರಂತೆ. ಒಂದೊಂದು ಅಂತೆಯೂ ಈಶಪ್ಪನ ಹೊಟ್ಟೆಯಲ್ಲಿ ಮೆಣಸಿನಕಾಯಿಯ ಹಾಗೆ ಇಳಿಯಿತು.

ಅದಾದ ಮೇಲೆ ಜನ ಅತ್ತಲೇ ವಾಲಿದರು. ದೊಡ್ಡಬಸಪ್ಪನ ಕಟ್ಟೆಯ ಮೇಲೆ ಕೂತರೆ ಎಲೆ ಅಡಿಕೆ ಸಿಗುತ್ತಿತ್ತು, ನಾಲ್ಕು ನಗೆಮಾತು ಸಿಗುತ್ತಿತ್ತು. ಈಶಪ್ಪನ ಹತ್ತಿರ ಸಿಗುತ್ತಿದ್ದುದು ಬೈಗುಳ ಮತ್ತು ಫೈಸಲಾ. ಅವನ ಹೆಂಡತಿ ಶಂಕ್ರಮ್ಮ ಒಂದು ದಿನ ರೊಟ್ಟಿ ಬಡಿಯುತ್ತ, ಏನೋ ಅನ್ನಿ, ಆ ದೊಡ್ಡಬಸಪ್ಪನ ಮಾತು ಛಲೋ ಎಂದುಬಿಟ್ಟಳು. ಅವಳಿಗೆ ಅದರಲ್ಲಿ ಯಾವ ಕುಹಕವೂ ಇರಲಿಲ್ಲ. ಈಶಪ್ಪ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದು ಹೋದ. ಕಟ್ಟೆಯ ಮೇಲೆ ಕೂತರೆ ಬದಿಯ ಕಟ್ಟೆಯ ನಗೆ ಕೇಳುತ್ತಿತ್ತು. ಒಳಗೆ ಬಂದರೆ ಗೋಡೆಯಾಚೆಯಿಂದ ಅದೇ ನಗೆ ಕೇಳುತ್ತಿತ್ತು. ಮನುಷ್ಯ ಎಲ್ಲಿಗೆ ಹೋಗಬೇಕು ಹೇಳಿ.

ದೊಡ್ಡಬಸಪ್ಪ ಬಂದು ಐದನೆಯ ವರ್ಷ, ಮಹಾಯುದ್ಧದ ಸುದ್ದಿ ಊರೆಲ್ಲ ತುಂಬಿದ್ದ ವರ್ಷ ಅದು. ಹಿಂದಿನ ಮಳೆಗಾಲದಲ್ಲಿ ನೀರು ಕುಡಿದ ಅವರಿಬ್ಬರ ನಡುಗೋಡೆ ಬೇಸಿಗೆಯ ಹೊತ್ತಿಗೆ ಹೊಟ್ಟೆ ಬಿಟ್ಟಿತು. ಒಂದು ಬೆಳಿಗ್ಗೆ ದೊಡ್ಡಬಸಪ್ಪ ತಾನಾಗಿಯೇ ಬಂದು, ಮೆಟ್ಟು ಹೊರಗೆ ಬಿಟ್ಟು, ಪಡಸಾಲೆಯಲ್ಲಿ ಕೂತ. ಮಣ್ಣಿನ ಗೋಡೆ ಇನ್ನು ತಡೆಯುವುದಿಲ್ಲ, ಕೆಡವಿ ಕಲ್ಲಿನಲ್ಲಿ ಕಟ್ಟೋಣ, ಎರಡೂ ಮನೆಯವರು ಅರ್ಧರ್ಧ ಹಾಕೋಣ ಎಂದ. ಅಲ್ಲಿಗೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನೋ ಬಾಯಿಬಡುಕ, ಮನಸ್ಸಿನಲ್ಲಿದ್ದ ಆಸೆಯನ್ನೂ ಕಕ್ಕಿದ.

"ಗೋಡಿ ಗಟ್ಟಿ ಆತಂದ್ರ, ಅಣ್ಣಾರ, ಮ್ಯಾಲ ಒಂದು ಖೋಲಿ ಏರಿಸ್ಬೇಕಂತ ಮಾಡೀನಿ. ಬಜಾರದ ಕಡೆ ಕಿಟಕಿ. ಅದಕ್ಕ ಬಣ್ಣದ ಗಾಜು. ನೀವು ಹೂಂ ಅಂದ್ರ."

ಬಣ್ಣದ ಗಾಜು! ಈಶಪ್ಪನ ಕಣ್ಣ ಮುಂದೆ ಅದು ಆಗಲೇ ಹೊಳೆಯಿತು. ಬಜಾರಕ್ಕೆ ಬಂದವರೆಲ್ಲ ಕತ್ತೆತ್ತಿ ನೋಡುವರು, ಯಾರದಪ್ಪ ಇದು ಎನ್ನುವರು, ಇನ್ಯಾರದು ದೊಡ್ಡಬಸಪ್ಪನವರದು ಎನ್ನುವರು. ಓಣಿಯ ಪಂಚಾಯತಿಯೆಲ್ಲ ಆ ಖೋಲಿಯಲ್ಲೇ ನಡೆಯುವುದು. ಈಶಪ್ಪ ಕೆಳಗೆ ಕೂತು ತಲೆಯ ಮೇಲಿನ ಹೆಜ್ಜೆ ಸಪ್ಪಳ ಕೇಳುವುದು.

ಒಲ್ಲೆ ಎಂದಿದ್ದರೆ ಆಗಿಹೋಗುತ್ತಿತ್ತು. ಗೋಡೆ ಇಬ್ಬರದು, ಅವನ ಒಪ್ಪಿಗೆ ಇಲ್ಲದೆ ಮೇಲೆ ಕಲ್ಲು ಏರುವಂತಿರಲಿಲ್ಲ. ಆದರೆ ಒಲ್ಲೆ ಎಂದರೆ ಓಣಿ ಏನೆನ್ನುತ್ತದೆ? ಈಶಪ್ಪನಿಗೆ ಹೊಟ್ಟೆಕಿಚ್ಚು ಎನ್ನುತ್ತದೆ. ಹೊಟ್ಟೆಕಿಚ್ಚಿನವನಿಗೆ ಎಲ್ಲಕ್ಕಿಂತ ದೊಡ್ಡ ಹೆದರಿಕೆ ಅದೇ ನೋಡಿ. ಅವನು ಮುಖದ ಮೇಲೆ ನಗೆ ತಂದುಕೊಂಡು, ಗೋಡೆ ಯಾರದೆಂಬುದು ಮೊದಲು ಗೊತ್ತಾಗಲಿ, ಪಂಚರನ್ನು ಕರೆಸೋಣ ಎಂದ. ದೊಡ್ಡಬಸಪ್ಪನಿಗೆ ಸೋಜಿಗವಾಯಿತು. ಎರಡೂ ಕಡೆ ಮಾಡ ಇದೆ ಎಂದೇ ಅವನು ತಿಳಿದಿದ್ದ.

ಇತ್ತು ಕೂಡ. ಈಶಪ್ಪನ ಕಡೆಯ ಮಾಡ ಒಳಗಿನ ದೇವರ ಖೋಲಿಯಲ್ಲಿತ್ತು. ಹೊರಗಿನ ಗಂಡಸರು ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಶಂಕ್ರಮ್ಮ ಮದುವೆಯಾಗಿ ಬಂದ ದಿನದಿಂದ ಅದರಲ್ಲಿ ದೀಪ ಹಚ್ಚುತ್ತಿದ್ದಳು. ಪಕ್ಕದಲ್ಲಿ ತವರಿನಿಂದ ತಂದ, ಬಣ್ಣ ಬಳಿದ ಕಿನ್ನಾಳದ ಮರದ ಗೌರಿ. ಶಂಕ್ರಮ್ಮನಿಗೆ ಮಕ್ಕಳಿರಲಿಲ್ಲ. ಸುಖವೋ ದುಃಖವೋ, ಅವಳು ಆ ಮಾಡದ ಮುಂದೆ ನಿಂತು ಹೇಳಿಕೊಳ್ಳುತ್ತಿದ್ದಳು. ಸೀಮೆಎಣ್ಣೆ ಸಿಗದ ಆ ದಿನಗಳಲ್ಲೂ ಔಡಲೆಣ್ಣೆ ಹೊಂದಿಸಿ ದೀಪ ಹಚ್ಚುವುದನ್ನು ತಪ್ಪಿಸಿರಲಿಲ್ಲ.

ಮುಂದಿನ ಮಂಗಳವಾರ ಶಂಕ್ರಮ್ಮ ದೇವಿಯ ದರ್ಶನಕ್ಕೆ ಹುಲಿಗಿಗೆ ಹೋಗುವ ಹೆಂಗಸರ ಬಂಡಿ ಹತ್ತಿದಳು. ಅವಳು ಓಣಿ ದಾಟುವುದೇ ತಡ, ಈಶಪ್ಪ ಬಾಗಿಲು ಹಾಕಿಕೊಂಡು ಧೋತರ ಎತ್ತಿ ಕಟ್ಟಿದ. ಓಣಿಯ ನ್ಯಾಯ ಹೇಳುವ ಹಿರಿಯನೇ ಹಿತ್ತಿಲಲ್ಲಿ ಮಣ್ಣು ತುಳಿದ, ಹೊಟ್ಟು ಕಲಸಿದ, ಗೌರಿಯನ್ನೆತ್ತಿ ಜೋಳ ತುಂಬುವ ಗುಮ್ಮಿಯ ಮೇಲಿಟ್ಟು ಮಾಡವನ್ನು ಮುಚ್ಚಿ ಮೆತ್ತಿದ. ಮೇಲೆ ಸುಣ್ಣ ಬಳಿದ. ಬೆವರು ಸುರಿಯುತ್ತಿತ್ತು, ಆದರೆ ಬಹಳ ದಿನದ ಮೇಲೆ ಅವನ ಎದೆ ಹಗುರಾಗಿತ್ತು. ಗೋಡೆ ದೊಡ್ಡಬಸಪ್ಪನೊಬ್ಬನದೇ ಆದರೆ ಕಲ್ಲಿನ ಗೋಡೆಯ ಖರ್ಚೆಲ್ಲ ಅವನ ತಲೆಗೇ. ಅಷ್ಟು ಸುರಿದ ಮೇಲೆ ಕೈಯಲ್ಲಿ ಕಾಸು ಉಳಿಯದು, ಖೋಲಿಯೂ ಇಲ್ಲ, ಗಾಜೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಪಂಚರು ಬಂದು ಈಶಪ್ಪನ ಕಟ್ಟಳೆಯನ್ನೇ ಹಿಡಿಯಬೇಕು, ಈಶಪ್ಪ ಹೇಳಿದ್ದೇ ಸರಿ ಎನ್ನಬೇಕು. ಅವನಿಗೆ ಬೇಕಾಗಿದ್ದದ್ದು ಅದು.

ಶಂಕ್ರಮ್ಮ ಭಂಡಾರ ಹಚ್ಚಿಕೊಂಡ ಹಣೆಯಲ್ಲೇ ಬಂದು ದೀಪ ಹಚ್ಚಲು ಒಳಗೆ ಹೋದವಳು ಅಲ್ಲೇ ನಿಂತಳು. ಇಲಿ ತೋಡಿತ್ತು, ಮುಚ್ಚಿದೆ ಎಂದು ಈಶಪ್ಪ ಹೊರಗಿನಿಂದಲೇ ಹೇಳಿದ. ಒದ್ದೆ ಸುಣ್ಣದ ಮೇಲೆ ಅಂಗೈ ಇಟ್ಟು ನೋಡಿದಳು. ದೀಪವನ್ನು ನೆಲದ ಮೇಲೆ ಇಟ್ಟಳು.

ಪಂಚರ ಹಿರಿಯ ಬಳೆ ವ್ಯಾಪಾರಿ ವಿರೂಪಾಕ್ಷಪ್ಪ. ಅವನು ಇನ್ನಿಬ್ಬರೊಂದಿಗೆ ಬಂದು ಎರಡೂ ಮನೆ ನೋಡಿದ. ದೊಡ್ಡಬಸಪ್ಪನ ಕಡೆ ಮಾಡ ಇತ್ತು. ಈಶಪ್ಪ ತಾನೇ ಮುಂದಾಗಿ ಪಂಚರನ್ನು ದೇವರ ಖೋಲಿಯ ಹೊಸ್ತಿಲಿಗೆ ಕರೆದೊಯ್ದು ತೋರಿಸಿದ. ಬೆಳ್ಳಗಿನ ಗೋಡೆ. ಹಿಂದೆ ಇತ್ತೇನು ಎಂದು ಕೇಳಿದ್ದಕ್ಕೆ, ಇರಲಿಲ್ಲ ಎಂದ, ಕಣ್ಣು ಮಿಟುಕಿಸಲಿಲ್ಲ. ದೊಡ್ಡಬಸಪ್ಪನ ಹೆಂಡತಿ ಕಳಕಮ್ಮ ಅರಿಷಿಣ ಕುಂಕುಮಕ್ಕೆ ಎಷ್ಟೋ ಸಲ ಆ ಖೋಲಿಗೆ ಬಂದವಳು. ಅವಳು ಬಾಯಿ ತೆರೆದಳು. ಗಂಡ ಅವಳ ಕಡೆ ನೋಡಿದ ನೋಟಕ್ಕೆ ಮುಚ್ಚಿದಳು. ಶಂಕ್ರಮ್ಮನಂತೂ ಬಾಗಿಲ ಹಿಂದಿನಿಂದ ಸರಿಯಲೇ ಇಲ್ಲ.

ದೊಡ್ಡಬಸಪ್ಪ ಪಂಚರಿಗೆ ಕೈ ಮುಗಿದ. ಗೋಡೆಯ ವಿಚಾರದಲ್ಲಿ ಈಶಪ್ಪಣ್ಣನವರಿಗಿಂತ ತಿಳಿದವರು ಈ ಓಣಿಯಲ್ಲಿಲ್ಲ, ಅವರು ಇರಲಿಲ್ಲ ಎಂದ ಮೇಲೆ ಇರಲಿಲ್ಲ, ನಾನೊಬ್ಬನೇ ಕಟ್ಟಿಸುತ್ತೇನೆ ಎಂದ. ಈಶಪ್ಪನೇ "ಫೈಸಲಾ ಆತು" ಎಂದ. ಅಂದಿನ ರಾತ್ರಿ ಅವನು ಎರಡು ರೊಟ್ಟಿ ಹೆಚ್ಚು ತಿಂದ.

ತಿಂದದ್ದು ಜೀರ್ಣವಾಗುವ ಮೊದಲೇ ಆಚೆ ಕಡೆ ಕಲ್ಲಿನ ಬಂಡಿಗಳು ಬಂದು ನಿಂತವು. ಒಂದಲ್ಲ, ಸಾಲು ಸಾಲು. ಯುದ್ಧದ ವರ್ಷ ಅರಳೆಯವರ ಕೈ ಬರಿದಾಗಿರಲಿಲ್ಲ ಎಂಬುದು ಜೋಳದ ಈಶಪ್ಪನಿಗೆ ಹೊಳೆದೇ ಇರಲಿಲ್ಲ. ಗೌಂಡಿ ಮಕ್ಬುಲಸಾಬ ಹಳೆಯ ಗೋಡೆ ಕೆಡವಿ ನಡುವೆ ಗೋಣಿತಟ್ಟು ತೂಗುಬಿಟ್ಟ. ತೊಲೆಗಳೆಲ್ಲ ಕಂಬದ ಮೇಲಿದ್ದದ್ದರಿಂದ ಎರಡೂ ಮನೆಯ ಮಾಳಿಗೆ ಅಲುಗಾಡಲಿಲ್ಲ. ಈಗ ಆ ಬದಿಯ ಮಾತೆಲ್ಲ ಈಶಪ್ಪನ ಕಿವಿಗೆ ನೇರ ಬಂದು ಬೀಳುತ್ತಿತ್ತು. ಗೋಡೆ ಮಾಳಿಗೆಯ ಮಟ್ಟಕ್ಕೆ ಬಂದ ಕೂಡಲೇ ಖೋಲಿ ಶುರು ಮಾಡುತ್ತಾರೆ. ಗಾಜು ತರಲು ಬಳ್ಳಾರಿಗೆ ಹೇಳಿಯಾಗಿದೆ. ಗೋಡೆಯೇ ತಮ್ಮದಾದ ಮೇಲೆ ಯಾರನ್ನು ಕೇಳಬೇಕು?

ತಾನೇ ಕೊಟ್ಟ ಗೋಡೆ! ಈಶಪ್ಪ ಹಣೆ ಹಣೆ ಬಡಿದುಕೊಂಡ. ಅರ್ಧ ಹಾಕಿ ಇಬ್ಬರದೆಂದು ಇಟ್ಟುಕೊಂಡಿದ್ದರೆ ಬೇಡ ಎನ್ನುವ ಹಕ್ಕು ಕೈಯಲ್ಲಿರುತ್ತಿತ್ತು. ಅದನ್ನು ಮಣ್ಣು ಕಲಸಿ ತಾನೇ ಮುಚ್ಚಿದ್ದ. ಅಂಗಡಿಯಲ್ಲಿ ತೂಕ ತಪ್ಪಿದ, ಗಿರಾಕಿಗಳ ಮೇಲೆ ಹರಿಹಾಯ್ದ. ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ಕಿವಿಯ ತುದಿ ಸುಡುತ್ತಿತ್ತು. ಅವನಿಗೆ ಏನೂ ಕಡಿಮೆ ಆಗಿರಲಿಲ್ಲ, ನಿಜ. ಆದರೆ ಇನ್ನೊಬ್ಬನಿಗೆ ಹೆಚ್ಚಾಗಿತ್ತಲ್ಲ!

ಒಂದು ಮಧ್ಯಾಹ್ನ ಈಶಪ್ಪ ಊಟಕ್ಕೆ ಬಂದಾಗ ಗೋಣಿತಟ್ಟಿನಾಚೆ ಶಂಕ್ರಮ್ಮನ ದನಿ ಕೇಳಿತು. ಅವನು ಅಲ್ಲೇ ನಿಂತು ಕಿವಿಗೊಟ್ಟ.

"ತಮ್ಮಾ, ಗೋಡಿ ನಿಂದು. ನಿನ್ನ ಕೇಳಾಕತ್ತೀನಿ. ನಮ್ಮ ಕಡಿ ದೀಪ ಇಡಾಕ ಒಂದು ಗೇಣು ಮಾಡ ಬಿಡಿಸ್ತಿಯೇನು?"

ದೊಡ್ಡಬಸಪ್ಪ ಕ್ಷಣವೂ ತಡೆಯಲಿಲ್ಲ. ಅತ್ತಿಗೆಗೆ ಎಲ್ಲಿ ಬೇಕೋ ಅಲ್ಲಿ ಬಿಡು ಎಂದು ಮಕ್ಬುಲಸಾಬನಿಗೆ ಹೇಳಿದ. ಶಂಕ್ರಮ್ಮ ಹೊರಗಿನಿಂದ ಸುತ್ತಿ ಮನೆಗೆ ಬರುವಷ್ಟರಲ್ಲಿ ಆಚೆ ಕಳಕಮ್ಮ ಗಂಡನನ್ನು ತರಾಟೆಗೆ ತೆಗೆದುಕೊಂಡಿದ್ದಳು. ಆ ಕಡೆ ಮಾಡ ಬಿಟ್ಟರೆ ಅವರು ನಾಳೆ ಗೋಡೆ ಅರ್ಧ ತಮ್ಮದು ಎಂದಾರು, ನಿಮಗೆ ಬುದ್ಧಿ ಐತೋ ಇಲ್ಲೋ ಎಂದಳು. ದೊಡ್ಡಬಸಪ್ಪ, ದೀಪ ಇಡಲು ಜಾಗ ಕೇಳಿದರೆ ಇಲ್ಲ ಎನ್ನಲು ಬಾಯಿ ಬರಲಿಲ್ಲ ಕಳಕಾ ಎಂದ.

ಹೆಂಡತಿ ಪಕ್ಕದವನ ಮುಂದೆ ಸೆರಗೊಡ್ಡಿದ್ದು ಕೇಳಿ ಈಶಪ್ಪನಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ ಎಂದು ಹೇಳಲಾರೆ. ಒಂದು ಚಣ ಅವನ ಮುಖ ಸಣ್ಣದಾಯಿತು. ಆದರೆ ಕಳಕಮ್ಮನ ಮಾತು ಅದಕ್ಕಿಂತ ಒಳಗೆ ಹೋಗಿ ಕೂತಿತ್ತು. ಗೋಡೆ ಅರ್ಧ ತಮ್ಮದು ಎಂದಾರು. ಎಂದರೇನಂತೆ?

ಗೋಡೆ ಮೇಲೆದ್ದಿತು. ಅಚ್ಚುಕಟ್ಟಾದ ಕಲ್ಲಿನ ಮಾಡ ಮೂಡಿತು. ಶಂಕ್ರಮ್ಮ ಗೌರಿಯನ್ನು ಒರೆಸಿ ಇಟ್ಟು ದೀಪ ಹಚ್ಚಿ, ಗಂಡನ ಕಡೆ ತಿರುಗಿಯೂ ನೋಡದೆ ಕೈ ಮುಗಿದಳು. ಮಕ್ಬುಲಸಾಬ ಖೋಲಿಯ ಮೊದಲ ಸಾಲಿಗೆ ದಾರ ಹಿಡಿದ ದಿನ ಈಶಪ್ಪ ರುಮಾಲು ಸುತ್ತಿಕೊಂಡು ಹೋಗಿ ಕೆಲಸ ನಿಲ್ಲಿಸಿದ. ಪಂಚರನ್ನು ಮತ್ತೆ ಕರೆಸಿದ.

ಈ ಸಲ ಪಂಚರಷ್ಟೇ ಬರಲಿಲ್ಲ, ಇಡೀ ಓಣಿಯೇ ಬಾಗಿಲಲ್ಲಿ ನೆರೆಯಿತು. ಈಶಪ್ಪ ಮಾಡವನ್ನು ಬೊಟ್ಟು ಮಾಡಿ ತೋರಿಸಿದ. ಎರಡೂ ಕಡೆ ಮಾಡ ಇದೆ, ಗೋಡೆ ಇಬ್ಬರದು, ನನ್ನ ಒಪ್ಪಿಗೆ ಇಲ್ಲದೆ ಮೇಲೆ ಕಟ್ಟುವಂತಿಲ್ಲ, ಕಟ್ಟಳೆ ಎಂದರೆ ಕಟ್ಟಳೆ ಎಂದ. ಅವನ ದನಿ ಗಟ್ಟಿಯಾಗಿತ್ತು. ವಿರೂಪಾಕ್ಷಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಅಂದು ಇಲ್ಲದ ಮಾಡ ಇಂದು ಎಲ್ಲಿಂದ ಬಂತು ಎಂದು ಕೇಳಿದ. ಎಲ್ಲಿಂದಲೋ ಬಂತು, ಇದೆಯೋ ಇಲ್ಲವೋ ಎಂಬುದಷ್ಟೇ ನೋಡಬೇಕು ಎಂದ ಈಶಪ್ಪ.

ದೊಡ್ಡಬಸಪ್ಪ ಏನು ಹೇಳುತ್ತಾನೆ ಎಂದು ಎಲ್ಲರೂ ಅವನತ್ತ ತಿರುಗಿದರು. ಮಾತಿನ ಮಲ್ಲ ಕತ್ತೆತ್ತಿ ಮಾಳಿಗೆಯ ಕಡೆ ನೋಡಿದ. ಖೋಲಿಯ ಆಸೆ ಅವನಿಗೆ ಎಷ್ಟಿತ್ತೆಂಬುದು ಮುಖದ ಮೇಲೆಯೇ ಬರೆದಂತಿತ್ತು. ಕಳಕಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. ಈಶಪ್ಪ ಅದನ್ನು ಕಣ್ತುಂಬ ನೋಡಿದ. ಸುಳ್ಳು ಯಾಕೆ ಹೇಳಲಿ, ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆಗ ಶಂಕ್ರಮ್ಮ ಬಾಗಿಲ ಹಿಂದಿನಿಂದ ಈಚೆ ಬಂದಳು. ಸೆರಗು ಸರಿಯಾಗಿ ಹೊದ್ದು ಪಂಚರ ಮುಂದೆ ನಿಂತಳು.

"ಈ ಮಾಡ ನಾನು ಬೇಡಿ ಇಸಗೊಂಡದ್ದು, ಅಣ್ಣಾರ. ದೊಡ್ಡಬಸಪ್ಪ ಕೊಟ್ಟಾನ. ನಮ್ಮದು ಅಂತ ಇದ್ದ ಮಾಡ ಇವರು ಕೈಯಾರ ಮುಚ್ಯಾರ, ನಾನು ಹುಲಿಗಿಗೆ ಹೋದಾಗ. ಹೋದ ಸಲ ಸುಮ್ಮನಿದ್ದೆ. ತಪ್ಪು ನಂದೂ ಐತಿ."

ಅಷ್ಟು ಹೇಳಿ ಅವಳು ಅಲ್ಲೇ ನಿಂತಳು, ಒಳಗೆ ಹೋಗಲಿಲ್ಲ. ಬಾಗಿಲಲ್ಲಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಾದರೂ ಬೈದಿದ್ದರೆ, ಥೂ ಎಂದಿದ್ದರೆ, ಈಶಪ್ಪ ತಿರುಗಿ ಬೈದು ಹೊರಗೆ ನಡೆದುಬಿಡುತ್ತಿದ್ದ. ಯಾರೂ ಬೈಯಲಿಲ್ಲ.

ವಿರೂಪಾಕ್ಷಪ್ಪ ಮೀಸೆ ತೀಡಿದ. ಮುಚ್ಚಿದ ಮಾಡದ ಮಾತನ್ನು ಅವನು ಎತ್ತಲೇ ಇಲ್ಲ. ಬಳೆ ತೊಡಿಸಿ ತೊಡಿಸಿ ಅವನ ಕೈಯೂ ಮೆತ್ತಗೆ, ಮಾತೂ ಮೆತ್ತಗೆ.

"ಈಶಪ್ಪಾ, ಬೇಡಿ ಇಸಗೊಂಡ ಮಾಡಕ್ಕ ಗೋಡಿ ಮ್ಯಾಲ ಹಕ್ಕು ಬರ್ತೈತೋ ಇಲ್ಲೋ, ನಮಗ ಗೊತ್ತಿಲ್ಲಪಾ. ಇಂಥಾ ಪ್ರಸಂಗ ಬಂದಿಲ್ಲ. ಓಣ್ಯಾಗ ಇಷ್ಟು ವರ್ಷ ನೀನ ಹೇಳೀದಿ. ಈಗೂ ನೀನ ಹೇಳು. ನೀ ಹೇಳಿದ್ದಕ್ಕ ನಾವು ಮೂರೂ ಮಂದಿ ಹೂಂ ಅಂತೀವಿ."

ಮೂರೂ ಮಂದಿ ತಲೆಯಾಡಿಸಿದರು. ಅವರು ಕೊಂಕು ನುಡಿಯುತ್ತಿದ್ದಾರೇನೋ ಎಂದು ಈಶಪ್ಪ ಒಬ್ಬೊಬ್ಬರ ಮುಖವನ್ನೂ ಹುಡುಕಿ ನೋಡಿದ. ಕೊಂಕು ಇರಲಿಲ್ಲ. ಬಾಗಿಲಲ್ಲಿ ಮಾರೆಪ್ಪ ಇದ್ದ, ಅವನ ಪಕ್ಕದ ಮನೆಯವರಿದ್ದರು, ಮಾಳಿಗೆಯಿಂದ ಮಕ್ಬುಲಸಾಬ ಕೈಯಲ್ಲಿ ದಾರ ಹಿಡಿದು ಬಗ್ಗಿ ನೋಡುತ್ತಿದ್ದ. ದೊಡ್ಡಬಸಪ್ಪ ಕೈಕಟ್ಟಿ ನಿಂತು ಅವನ ಬಾಯನ್ನೇ ನೋಡುತ್ತಿದ್ದ. ಐದು ವರ್ಷ ಈಶಪ್ಪ ಒಳಗೊಳಗೇ ಬೆಂದದ್ದು ಇದಕ್ಕಲ್ಲವೇ? ಇಡೀ ಓಣಿ ತನ್ನ ಮಾತಿಗೆ ಕಾಯಬೇಕು, ಅವರ ನಡುವೆ ದೊಡ್ಡಬಸಪ್ಪನೂ ಕಾಯಬೇಕು. ಈಗ ಕಾಯುತ್ತಿದ್ದರು.

ಹಕ್ಕು ಬರುತ್ತದೆ ಎಂದರೆ ಖೋಲಿ ನಿಲ್ಲುತ್ತದೆ. ಒಂದೇ ಮಾತು. ಪಂಚರು ನುಡಿ ಕೊಟ್ಟಾಗಿದೆ, ಹಿಂದೆ ತೆಗೆಯಲಾರರು. ಆ ಮಾತು ಅವನ ನಾಲಿಗೆಯ ತುದಿಗೆ ಬಂದೇ ಬಂತು. ಅಷ್ಟರಲ್ಲಿ ಶಂಕ್ರಮ್ಮ ಕಾಣಿಸಿದಳು. ಅವಳು ಬೇಡಿಕೊಳ್ಳುವ ಕಣ್ಣಿನಿಂದ ನೋಡುತ್ತಿರಲಿಲ್ಲ, ಸಿಟ್ಟಿನಿಂದಲೂ ಅಲ್ಲ. ಗೊತ್ತಿಲ್ಲದ ಗಂಡಸು ಏನೆನ್ನುತ್ತಾನೋ ಎಂದು ಕಾದು ನೋಡುವಂತೆ ನೋಡುತ್ತಿದ್ದಳು. ಮೂವತ್ತು ವರ್ಷ ರೊಟ್ಟಿ ಬಡಿದು ಹಾಕಿದವಳು.

ಈಶಪ್ಪ ಗಂಟಲು ಸರಿ ಮಾಡಿಕೊಂಡ.

"ಬೇಡಿ ಇಸಗೊಂಡದ್ದಕ್ಕ ಹಕ್ಕಿಲ್ಲ," ಎಂದ. "ಕೊಟ್ಟವನ ಗೋಡಿ. ಗೋಡಿ ದೊಡ್ಡಬಸಪ್ಪಂದು."

ಫೈಸಲಾ ಆತು ಎನ್ನಲು ಅವನಿಗೆ ಆಗಲಿಲ್ಲ. ವಿರೂಪಾಕ್ಷಪ್ಪನೇ ಅದನ್ನು ಹೇಳಿ ಎದ್ದ. ಬಾಗಿಲಲ್ಲಿ ಯಾರೋ, ಏನೇ ಅನ್ನು, ನ್ಯಾಯ ಅಂದರೆ ಈಶಪ್ಪಂದು, ತನ್ನ ಮ್ಯಾಲೆ ತಾನೇ ಹೇಳಿಕೊಂಡ ನೋಡು ಎಂದರು. ಇನ್ನೊಬ್ಬರು ಹೌದೌದು ಎಂದರು. ಈಶಪ್ಪ ಆ ಹೊಗಳಿಕೆಯನ್ನು ಒಂದು ಮಾತೂ ಬಿಡದೆ ಕೇಳಿದ. ಹೊಟ್ಟೆಯ ಉರಿ ಆರಲಿಲ್ಲ. ಅಷ್ಟು ಜನ ಹೊಗಳಿದ ನ್ಯಾಯದ ಲಾಭ ಹೊತ್ತುಕೊಂಡು ಹೋದವನು ದೊಡ್ಡಬಸಪ್ಪನಲ್ಲವೇ?

ಜನ ಕರಗಿದರು. ಶಂಕ್ರಮ್ಮ ಒಳಗೆ ಹೋದಳು. ಮಾಳಿಗೆಯ ಮೇಲಿಂದ ಮಕ್ಬುಲಸಾಬ, ಕೆಲಸ ಶುರು ಮಾಡಲೇನ್ರಿ ಎಂದು ದೊಡ್ಡಬಸಪ್ಪನನ್ನು ಕೇಳಿದ.

ದೊಡ್ಡಬಸಪ್ಪ ಈಶಪ್ಪನ ಕಡೆ ನೋಡಿದ. ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಇದ್ದಿದ್ದರೆ ಈಶಪ್ಪ ಎಷ್ಟೋ ಬದುಕಿಕೊಳ್ಳುತ್ತಿದ್ದ.

"ಅಣ್ಣಾರನ್ನ ಕೇಳು," ಎಂದ ದೊಡ್ಡಬಸಪ್ಪ. "ಅವರು ಹೂಂ ಅಂದ್ರ ಶುರು ಮಾಡು."

ಮಕ್ಬುಲಸಾಬ ಇತ್ತ ತಿರುಗಿ ಕಾದ. ಈಶಪ್ಪನಿಗೆ ಬಾಯಿಂದ ಹೂಂ ಬರಲಿಲ್ಲ. ಆಗಲಿ ಎಂಬಂತೆ ತಲೆ ಆಡಿಸಿ ಒಳಗೆ ಹೋದ.